ಒಂದೇ ಹೆಸರು, ನಾಲ್ಕು ಮಹಾಪುರಾಣಗಳು

ಜೈನ ಗ್ರಂಥಭಂಡಾರಗಳ ಸೂಚಿಯನ್ನು ತಿರುವಿ ನೋಡುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಅಲ್ಲಿ ಗ್ರಂಥಗಳ ಹೆಸರುಗಳು ಮರಳಿ ಮರಳಿ ಬರುತ್ತವೆ. ಶಾಂತಿಪುರಾಣವೆಂದರೆ ಸಂಸ್ಕೃತದಲ್ಲಿ ಅಸಗನು ರಚಿಸಿದ್ದೋ, ಕನ್ನಡದಲ್ಲಿ ಪೊನ್ನನು ರಚಿಸಿದ್ದೋ? ಧರ್ಮಾಮೃತವೆಂದರೆ 1112ರಲ್ಲಿ ಮುಳುಗುಂದದ ನಯಸೇನರು ಬರೆದ ಕನ್ನಡ ಚಂಪುವೋ, ಮುಂದಿನ ಶತಮಾನದಲ್ಲಿ ಮಾಳವದ ಪಂಡಿತ ಆಶಾಧರರು ಬರೆದ ಸಂಸ್ಕೃತ ಗ್ರಂಥವೋ? ಹೆಸರನ್ನು ಮಾತ್ರ ಕೇಳಿದವನಿಗೆ ಉತ್ತರ ದೊರೆಯುವುದಿಲ್ಲ. ಇಂದಿನ ಲೇಖಕನು ತನ್ನ ಕೃತಿಗೆ ಯಾರೂ ಇಡದ ಹೆಸರನ್ನು ಹುಡುಕಿ ತರುತ್ತಾನೆ. ನಮ್ಮ ಪೂರ್ವಾಚಾರ್ಯರಾದರೋ ಹಿಂದಿನವರು ಇಟ್ಟ ಹೆಸರನ್ನೇ ಸಂಕೋಚವಿಲ್ಲದೆ ಇಟ್ಟರು. ಇದು ಕಲ್ಪನೆಯ ಬಡತನವೇ? ಪರರ ಸ್ವತ್ತನ್ನು ಎತ್ತಿಕೊಂಡ ದೋಷವೇ? ಅಥವಾ ಇದರ ಹಿಂದೆ ನಾವು ಮರೆತ ಧರ್ಮವೊಂದು ಇದೆಯೇ? ಈ ಪ್ರಶ್ನೆಯನ್ನು ‘ಮಹಾಪುರಾಣ’ವೆಂಬ ಒಂದು ಹೆಸರನ್ನು ಹಿಡಿದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಹೆಸರಿನ ನಾಲ್ಕು ಪ್ರಮುಖ ಗ್ರಂಥಗಳು ಒಂಬತ್ತರಿಂದ ಹನ್ನೊಂದನೆಯ ಶತಮಾನದವರೆಗೆ ಕನ್ನಡನಾಡನ್ನು ಆಳಿದ ಅರಸರ ನೆರಳಿನಲ್ಲಿ, ಮೂರು ಭಾಷೆಗಳಲ್ಲಿ ಹುಟ್ಟಿದವು. ಅವುಗಳ ಚರಿತ್ರೆಯ ದಾರಿ ನಮ್ಮ ಬೆಳ್ವೊಲದ ನಡುವೆಯೇ ಹಾಯುತ್ತದೆ.

ಮೊದಲನೆಯದು ಆಚಾರ್ಯ ಜಿನಸೇನರ ಮಹಾಪುರಾಣ. ಇಪ್ಪತ್ತನಾಲ್ಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತು ಬಲದೇವರು, ಒಂಬತ್ತು ವಾಸುದೇವರು, ಒಂಬತ್ತು ಪ್ರತಿವಾಸುದೇವರು, ಹೀಗೆ ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ಒಂದೇ ಗ್ರಂಥದಲ್ಲಿ ಹೇಳಬೇಕೆಂಬುದು ಅವರ ಸಂಕಲ್ಪ. ಗ್ರಂಥಾರಂಭದಲ್ಲಿಯೇ ಅವರು ಹೆಸರಿನ ಅರ್ಥವನ್ನು ವಿವರಿಸಿದ್ದಾರೆ: ಇದು ಮಹಾಪುರುಷರನ್ನು ಕುರಿತದ್ದು, ಮಹಾತ್ಮರು ಉಪದೇಶಿಸಿದ್ದು, ಮಹಾಶ್ರೇಯಸ್ಸನ್ನು ಬೋಧಿಸುವಂಥದು, ಆದುದರಿಂದ ಮಹಾಪುರಾಣ. ಇಲ್ಲಿ ‘ಮಹಾ’ ಎಂಬ ವಿಶೇಷಣ ಕವಿಗೆ ಸೇರಿದ್ದಲ್ಲ, ವಿಷಯಕ್ಕೆ ಸೇರಿದ್ದು. ಆದಕಾರಣ ಆ ವಿಷಯವನ್ನು ಕೈಗೆತ್ತಿಕೊಳ್ಳುವ ಎಲ್ಲರಿಗೂ ಆ ಹೆಸರಿನಲ್ಲಿ ಪಾಲುಂಟು.

ಜಿನಸೇನರ ಬಾಳಿನಲ್ಲಿ ಗುರುಋಣವೆಂಬುದು ಬರಿಯ ಮಾತಾಗಿರಲಿಲ್ಲ. ಅವರ ಗುರು ವೀರಸೇನರು ಜಯಧವಳಾ ಟೀಕೆಯ ಮೂರನೆಯ ಒಂದು ಭಾಗದಷ್ಟನ್ನು ಬರೆದು ಸ್ವರ್ಗಸ್ಥರಾದರು. ಉಳಿದ ಎರಡು ಭಾಗಗಳನ್ನು ಶಿಷ್ಯರು ಬರೆದು ಶಕವರ್ಷ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು. ಬಳಿಕ ಕೈಗೊಂಡ ಮಹಾಪುರಾಣದಲ್ಲಿ ಜಿನಸೇನರಿಗೂ ಅದೇ ಗತಿಯಾಯಿತು. ಆದಿಪುರಾಣದ ನಾಲ್ವತ್ತೆರಡು ಪರ್ವಗಳು ಪೂರ್ಣಗೊಂಡು, ನಾಲ್ವತ್ತಮೂರನೆಯದರ ಮೂರು ಶ್ಲೋಕಗಳಾಗುವಷ್ಟರಲ್ಲಿ ಅವರ ಲೇಖನಿ ನಿಂತಿತು. ಅಮೋಘವರ್ಷ ನೃಪತುಂಗನಂತಹ ಚಕ್ರವರ್ತಿಯ ಗೌರವಕ್ಕೆ ಪಾತ್ರರಾಗಿದ್ದ ಗುರುವಿನ ಕಾವ್ಯವನ್ನು ಮುಂದುವರಿಸುವ ಹೊಣೆ ಶಿಷ್ಯ ಗುಣಭದ್ರರ ಮೇಲೆ ಬಿದ್ದಿತು. ಅವರು ಆದಿಪುರಾಣವನ್ನು ನಾಲ್ವತ್ತೇಳು ಪರ್ವಗಳಿಗೆ ಮುಗಿಸಿ, ಉಳಿದ ತೀರ್ಥಂಕರರ ಕಥೆಗಳನ್ನು ಉತ್ತರಪುರಾಣವೆಂಬ ಭಾಗದಲ್ಲಿ ಹೇಳಿ, ಎಪ್ಪತ್ತಾರು ಪರ್ವಗಳಿಗೆ ಗ್ರಂಥವನ್ನು ತಂದರು. ಕಬ್ಬಿನ ಬುಡದ ಸವಿ ತುದಿಗೆ ಬಾರದೆಂಬ ಹೋಲಿಕೆಯಿಂದ ಅವರು ತಮ್ಮ ಭಾಗವನ್ನು ತಾವೇ ಕೆಳಗಿರಿಸಿಕೊಂಡರು. ಬೇರೆ ಹೆಸರಿಟ್ಟು ಸ್ವತಂತ್ರ ಗ್ರಂಥಕಾರರೆನಿಸಿಕೊಳ್ಳುವ ಅವಕಾಶ ಅವರಿಗೆ ಇದ್ದೇ ಇತ್ತು, ಅದನ್ನು ಅವರು ಬಯಸಲಿಲ್ಲ. ಗುಣಭದ್ರರ ಶಿಷ್ಯ ಲೋಕಸೇನರ ಪ್ರಶಸ್ತಿಯ ಪ್ರಕಾರ ಶಕವರ್ಷ 820ರಲ್ಲಿ ಬಂಕಾಪುರದಲ್ಲಿ ಈ ಗ್ರಂಥಕ್ಕೆ ಪೂಜೆ ನಡೆಯಿತು. ಆಗ ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಸಾಮಂತನಾದ ಲೋಕಾದಿತ್ಯನು ಅಲ್ಲಿ ಆಳುತ್ತಿದ್ದನು.

ಎರಡನೆಯದು ಅಪಭ್ರಂಶ ಭಾಷೆಯದು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಮುಮ್ಮಡಿ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತ ಕವಿಯು 959ರಲ್ಲಿ ಆರಂಭಿಸಿ 965ರಲ್ಲಿ ಇದನ್ನು ಮುಗಿಸಿದನು. ನೂರಎರಡು ಸಂಧಿಗಳ ಬೃಹತ್ಕೃತಿ ಇದು. ಅಭಿಮಾನಮೇರುವೆಂದು ತನ್ನನ್ನು ಕರೆದುಕೊಂಡ ಈ ಕವಿ ಅರಮನೆಯ ಬಾಗಿಲನ್ನು ಕಾಯ್ದವನಲ್ಲ. ದಾರಿ ನಡೆದು ದಣಿದು ಊರ ಹೊರಗಿನ ಉಪವನದಲ್ಲಿ ತಂಗಿದ್ದ ತನ್ನನ್ನು ಭರತನ ಮನೆಗೆ ಕರೆದೊಯ್ಯಲು ಬಂದವರಿಗೆ, ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿರುವುದೇ ಲೇಸೆಂಬ ಅರ್ಥದ ಮಾತನ್ನು ಆಡಿದುದಾಗಿ ಅವನೇ ಹೇಳಿಕೊಂಡಿದ್ದಾನೆ. ಇಂತಹ ಸ್ವಾಭಿಮಾನಿಯೂ ಗ್ರಂಥದ ಹೆಸರಿನ ವಿಷಯದಲ್ಲಿ ಹೊಸತನ್ನು ಸಾಧಿಸಲು ಹೋಗಲಿಲ್ಲ. ಕಥೆ ಪೂರ್ವಾಚಾರ್ಯರದು, ಹೆಸರು ಪೂರ್ವಾಚಾರ್ಯರದು, ಹೊಸದಾದದ್ದು ಭಾಷೆ ಮತ್ತು ಛಂದಸ್ಸು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸುಲಿದನು. ಅರಮನೆಗಳು ಮಣ್ಣಾದವು. ಅಲ್ಲಿ ಬರೆದ ಓಲೆ ಉಳಿದು ಬಂದಿತು.

ಮೂರನೆಯದನ್ನು ಹೇಳುವ ಮೊದಲು ನಮ್ಮ ರೋಣದ ಸೀಮೆಯ ಕಡೆಗೆ ತಿರುಗಬೇಕು. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಇಮ್ಮಡಿ ಬೂತುಗನಿಗೆ ಮುಮ್ಮಡಿ ಕೃಷ್ಣನು ಬನವಾಸಿ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟನೆಂದು ಆತಕೂರಿನ ಶಾಸನ ತಿಳಿಸುತ್ತದೆ. ಹೀಗೆ ಈ ಸೀಮೆ ಗಂಗರ ಕೈಗೆ ಬಂದಿತು. 950ರ ನರೇಗಲ್ಲಿನ ಶಾಸನದಲ್ಲಿ ಬೂತುಗನ ರಾಣಿ ಪದ್ಮಬ್ಬರಸಿಯು ಕಟ್ಟಿಸಿದ ಬಸದಿಯ ಉಲ್ಲೇಖವಿದೆ. ಆ ಬಸದಿಗೆ ಸೇರಿದ ದಾನಶಾಲೆಯ ನಿರ್ವಹಣೆಗೆ ಕೆರೆಯೊಂದನ್ನು ಬಿಟ್ಟುಕೊಟ್ಟ ಸಂಗತಿಯೂ ಅದರಲ್ಲಿದೆ. ಸಮೀಪದ ಸೂಡಿಯಲ್ಲಿ ದೊರೆತ ತಾಮ್ರಪಟವೊಂದು, ಬೂತುಗನ ಮತ್ತೊಬ್ಬ ರಾಣಿ ದೀವಳಾಂಬೆಯು ಅಲ್ಲಿ ಜಿನಾಲಯ ಕಟ್ಟಿಸಿದಳೆಂದು ಹೇಳುತ್ತದೆ. ಅದರಲ್ಲಿ ಶಕವರ್ಷ 860ರ ಕಾಲನಿರ್ದೇಶವಿದ್ದರೂ ಅದನ್ನು ಸಂಪಾದಿಸಿದ ಫ್ಲೀಟರು ಅದು ಕೂಟಶಾಸನವೆಂದು ಅಭಿಪ್ರಾಯಪಟ್ಟರು. ಬೂತುಗನ ಹೆಸರಿರುವ ಎರಡು ದಾಖಲೆಗಳಲ್ಲಿ ಒಂದು ಕಲ್ಲಿನಷ್ಟೇ ದೃಢ, ಇನ್ನೊಂದು ಸಂದೇಹಾಸ್ಪದ. ಹೆಸರು ಮಾತ್ರವೇ ಪ್ರಮಾಣವಾಗದೆಂಬ ಪಾಠವನ್ನು ನಮ್ಮ ಊರುಗಳ ಶಾಸನಗಳೇ ಕಲಿಸುತ್ತವೆ.

ಬೂತುಗನ ಮಗ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವ್ರತವನ್ನು ಕೈಗೊಂಡು ಸಮಾಧಿಮರಣವನ್ನು ಪಡೆದನು. ಅವನಿಗೂ ಅವನ ಮುಂದಿನ ರಾಚಮಲ್ಲನಿಗೂ ಮಂತ್ರಿಯೂ ಸೇನಾನಿಯೂ ಆಗಿದ್ದವನು ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯಿಂದ ಲೋಕವಿಖ್ಯಾತನಾದ ಈತನು 978ರಲ್ಲಿ ಕನ್ನಡ ಗದ್ಯದಲ್ಲಿ ಬರೆದುದೇ ‘ತ್ರಿಷಷ್ಟಿಲಕ್ಷಣ ಮಹಾಪುರಾಣ’. ನಾವು ವಾಡಿಕೆಯಲ್ಲಿ ಅದನ್ನು ಚಾವುಂಡರಾಯಪುರಾಣವೆನ್ನುತ್ತೇವೆ. ಜಿನಸೇನ ಗುಣಭದ್ರರ ಗ್ರಂಥಕ್ಕೂ ಪರ್ವಾಂತ್ಯಗಳಲ್ಲಿ ಇದೇ ಹೆಸರು ಕಾಣುತ್ತದೆ. ಬಿಡಿಸಿ ಹೇಳಿಕೊಳ್ಳುವ ಅಗತ್ಯ ಚಾವುಂಡರಾಯನಿಗೆ ಕಾಣಲಿಲ್ಲ. ಆದರೆ ಅವನು ಮತ್ತೊಂದು ಅಗತ್ಯವನ್ನು ಕಂಡನು. ತನಗಿಂತ ಮೊದಲು ಈ ಕಥೆಯನ್ನು ಹೇಳಿದವರನ್ನು, ಜಿನಸೇನ ಗುಣಭದ್ರರನ್ನು ಮಾತ್ರವಲ್ಲದೆ ಅವರಿಗೂ ಹಿಂದಿನ ಕವಿಪರಮೇಷ್ಠಿ ಮೊದಲಾದವರನ್ನೂ, ಹೆಸರಿಸಿ ನೆನೆದನು. ಕವಿಪರಮೇಷ್ಠಿಯ ಪುರಾಣವು ಇಂದು ಉಪಲಬ್ಧವಿಲ್ಲ. ಅದರ ಕೆಲವು ಪದ್ಯಗಳು ಉಳಿದಿರುವುದು ಚಾವುಂಡರಾಯನು ತನ್ನ ಗ್ರಂಥದಲ್ಲಿ ಅವನ್ನು ಉದ್ಧರಿಸಿದುದರಿಂದ. ಋಣವನ್ನು ಒಪ್ಪಿಕೊಂಡ ಒಬ್ಬನ ಪ್ರಾಮಾಣಿಕತೆ ಕಾಲದ ಬಾಯಿಂದ ಇನ್ನೊಬ್ಬನನ್ನು ಬಿಡಿಸಿ ತಂದಿತು.

ನಾಲ್ಕನೆಯದು ಮುಳುಗುಂದದ ಮಲ್ಲಿಷೇಣರದು. ಗದಗಿನ ಸಮೀಪದ ಈ ಊರಿನಲ್ಲಿ ಚಿಕಾರ್ಯನೆಂಬ ವೈಶ್ಯನು ಕಟ್ಟಿಸಿದ ಜಿನಾಲಯವನ್ನು ಶಕವರ್ಷ 824ರ ಶಾಸನ ಹೆಸರಿಸುತ್ತದೆ. ಅಂದಿನಿಂದಲೇ ಇದು ವಿದ್ಯೆಯ ನೆಲೆ. ಇಲ್ಲಿಯ ಜಿನಾಲಯದಲ್ಲಿ ಶಕವರ್ಷ 969ರಲ್ಲಿ, ಅಂದರೆ 1047ರಲ್ಲಿ, ಮಲ್ಲಿಷೇಣರು ತಮ್ಮ ಸಂಸ್ಕೃತ ಮಹಾಪುರಾಣವನ್ನು ಪೂರ್ಣಗೊಳಿಸಿದರು. ಅದರ ಗಾತ್ರ ಎರಡು ಸಾವಿರ ಶ್ಲೋಕಗಳಷ್ಟು. ಜಿನಸೇನ ಗುಣಭದ್ರರ ಗ್ರಂಥದ ಪರಿಮಾಣವನ್ನು ಇಪ್ಪತ್ತು ಸಾವಿರವೆಂದು ಎಣಿಸುವುದು ರೂಢಿ. ಹತ್ತರಲ್ಲಿ ಒಂದು ಪಾಲಿನ ಈ ಗ್ರಂಥವೂ ಮಹಾಪುರಾಣವೇ. ಏಕೆಂದರೆ ಹೆಸರಿನ ಹಿರಿಮೆ ಓಲೆಗಳ ಎಣಿಕೆಯಿಂದ ಬಂದುದಲ್ಲ. ಮಲ್ಲಿಷೇಣರ ಪರಂಪರೆ ಅಜಿತಸೇನ, ಕನಕಸೇನ, ಜಿನಸೇನ, ಮಲ್ಲಿಷೇಣ ಎಂದು ಸಾಗುತ್ತದೆ. ಆ ಅಜಿತಸೇನರೇ ಚಾವುಂಡರಾಯನ ಗುರುಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಬಂಕಾಪುರ, ಬೆಳ್ವೊಲ, ಮುಳುಗುಂದಗಳ ನಡುವೆ ಗುರುಶಿಷ್ಯರ ದಾರಿಯೂ ಗ್ರಂಥದ ಹೆಸರೂ ಜೊತೆಯಾಗಿ ನಡೆದವು.

ಇಲ್ಲಿ ಓದುಗರು ಒಂದು ಎಚ್ಚರವನ್ನು ತಾಳಬೇಕು. ಮಲ್ಲಿಷೇಣರ ಗುರುವಾದ ಜಿನಸೇನರು ಆದಿಪುರಾಣದ ಜಿನಸೇನರಲ್ಲ, ಇಬ್ಬರ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರವಿದೆ. 783ರಲ್ಲಿ ಹರಿವಂಶಪುರಾಣವನ್ನು ಬರೆದ ಪುನ್ನಾಟ ಸಂಘದ ಜಿನಸೇನರು ಮೂರನೆಯವರು. ಶ್ರವಣಬೆಳಗೊಳದ ಪ್ರಶಸ್ತಿಶಾಸನದಲ್ಲಿ ಕೀರ್ತಿತರಾದ ಮಲ್ಲಿಷೇಣ ಮಲಧಾರಿದೇವರು ಬೇರೆ. ಸ್ಯಾದ್ವಾದಮಂಜರಿಯ ಶ್ವೇತಾಂಬರ ಮಲ್ಲಿಷೇಣರು ಮತ್ತೂ ಬೇರೆ. ಗ್ರಂಥಗಳ ಹೆಸರೂ ಗ್ರಂಥಕಾರರ ಹೆಸರೂ ಒಂದೇ ಆದಾಗ, ಒಬ್ಬರ ಕೃತಿ ಇನ್ನೊಬ್ಬರ ಲೆಕ್ಕಕ್ಕೆ ಹೋಗುವುದು ಸುಲಭ. ಭಂಡಾರದಲ್ಲಿ ಮಹಾಪುರಾಣದ ಒಂದು ಪ್ರತಿ ಇದೆಯೆಂದು ಇನ್ನೊಂದು ಕಟ್ಟನ್ನು ಬಿಚ್ಚಿ ನೋಡದೆ ಬದಿಗಿರಿಸಿದರೆ, ಬದಿಗೆ ಹೋದುದು ಬೇರೊಂದೇ ಗ್ರಂಥವಾಗಿರಬಹುದು. ಹೀಗೆ ಕಳೆದದ್ದನ್ನು ಯಾರೂ ಕಳೆಯಿತೆಂದು ಸಹ ತಿಳಿಯುವುದಿಲ್ಲ. ಏಕೆಂದರೆ ಹೆಸರು ಸೂಚಿಯಲ್ಲಿ ಉಳಿದೇ ಇರುತ್ತದೆ.

ಈಗ ಆರಂಭದ ಪ್ರಶ್ನೆಗೆ ಬರೋಣ. ಶ್ರಾವಕನ ಅಣುವ್ರತಗಳಲ್ಲಿ ಅಚೌರ್ಯವೆಂದರೆ ಕೊಡದ ವಸ್ತುವನ್ನು ತೆಗೆದುಕೊಳ್ಳದಿರುವುದು. ಹಿಂದಿನವನ ಕಥೆಯನ್ನೂ ಹೆಸರನ್ನೂ ತೆಗೆದುಕೊಂಡವನು ಆ ವ್ರತಕ್ಕೆ ಭಂಗ ತಂದನೇ? ನಾಲ್ಕು ಮಹಾಪುರಾಣಗಳ ಚರಿತ್ರೆ ಕೊಡುವ ಉತ್ತರ ಸ್ಪಷ್ಟವಾಗಿದೆ. ಹೆಸರನ್ನು ಮರೆಮಾಚಿ ಹೊಸ ಹೆಸರಿನಲ್ಲಿ ಹಳೆಯ ಸರಕನ್ನು ತನ್ನದೆಂದು ತೋರಿಸಿದ್ದರೆ ಅದು ಚೌರ್ಯವಾಗುತ್ತಿತ್ತು. ಪೂರ್ವಿಕರ ಹೆಸರನ್ನೇ ಬಹಿರಂಗವಾಗಿ ಇಟ್ಟವನು ಇದು ನನ್ನೊಬ್ಬನದಲ್ಲವೆಂದು ಗ್ರಂಥದ ಮೊದಲ ಪದದಲ್ಲಿಯೇ ಸಾರಿದನು. ಅದರ ಮೇಲೆ ಚಾವುಂಡರಾಯನಂತೆ ಯಾರಿಂದ ಪಡೆದೆನೆಂಬುದನ್ನೂ ಹೇಳಿದರೆ ಋಣಪತ್ರವೇ ಪೂರ್ಣವಾದಂತೆ. ಅಪರಿಗ್ರಹವೆಂದರೆ ಹೊನ್ನು ಮಣ್ಣುಗಳಿಗೆ ಮಿತಿ ಹಾಕಿಕೊಳ್ಳುವುದೆಂದು ಮಾತ್ರ ನಾವು ತಿಳಿದಿದ್ದೇವೆ. ಕೀರ್ತಿಗೂ ಮಿತಿ ಹಾಕಿಕೊಳ್ಳುವುದು ಅದಕ್ಕಿಂತ ಕಷ್ಟ. ಹೆಸರಿನ ಮೇಲಿನ ಒಡೆತನವನ್ನು ಬಿಟ್ಟುಕೊಟ್ಟವರು ಅದನ್ನು ಆಚರಿಸಿ ತೋರಿದರು.

ಇದಕ್ಕೆ ಪೂರಕವಾದ ಇನ್ನೊಂದು ದೃಷ್ಟಾಂತವೂ ನಮ್ಮ ಜಿಲ್ಲೆಯದೇ. ಲಕ್ಕುಂಡಿಯ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಸರ್ವವಿದಿತ. ಒಂದೇ ಗ್ರಂಥವನ್ನು ಸಾವಿರ ಸಲ ಬರೆಯಿಸುವುದು ಒಂದು ಬಗೆಯ ಶಾಸ್ತ್ರದಾನ. ಒಂದೇ ಕಥೆಯನ್ನು ಹೊಸ ಭಾಷೆಯಲ್ಲಿ, ಹೊಸ ಅಳತೆಯಲ್ಲಿ ಮತ್ತೆ ಹೇಳುವುದು ಇನ್ನೊಂದು ಬಗೆಯದು. ಮೊದಲನೆಯದು ಅಕ್ಷರವನ್ನು ಕಾಯುತ್ತದೆ, ಎರಡನೆಯದು ಅರ್ಥವನ್ನು ಹೊಸ ಕೇಳುಗರಿಗೆ ಮುಟ್ಟಿಸುತ್ತದೆ. ಸಂಸ್ಕೃತ ಬಲ್ಲವರಿಗೆ ಜಿನಸೇನರು, ಅಪಭ್ರಂಶದ ಇಂಪಿಗೆ ಒಲಿದವರಿಗೆ ಪುಷ್ಪದಂತ, ಕನ್ನಡಿಗರಿಗೆ ಚಾವುಂಡರಾಯ, ಸಂಗ್ರಹವನ್ನು ಬಯಸಿದವರಿಗೆ ಮಲ್ಲಿಷೇಣರು. ಒಂದು ವಸ್ತುವನ್ನು ಅನೇಕ ನಯಗಳಿಂದ ನೋಡಬೇಕೆನ್ನುವ ದರ್ಶನದಲ್ಲಿ ಒಂದು ಹೆಸರಿಗೆ ಅನೇಕ ಗ್ರಂಥಗಳಿರುವುದು ಆಶ್ಚರ್ಯವಲ್ಲ.

ಆದರೆ ಅವರು ಹೆಸರಿನ ಮೋಹವನ್ನು ಬಿಟ್ಟರೆಂದು ನಾವು ಅವರನ್ನು ಗುರುತಿಸುವ ಹೊಣೆಯನ್ನು ಬಿಡುವಂತಿಲ್ಲ. ಅವರ ವಿನಯ ಅವರ ಧರ್ಮ, ನಮ್ಮ ವಿವೇಕ ನಮ್ಮ ಧರ್ಮ. ಮನೆಯ ಗೂಡಿನಲ್ಲಿಯೋ ಬಸದಿಯ ಪೆಟ್ಟಿಗೆಯಲ್ಲಿಯೋ ಓಲೆಯ ಕಟ್ಟುಗಳಿದ್ದರೆ, ಅವುಗಳ ಹೊರಗಿನ ಹೆಸರನ್ನು ಮಾತ್ರ ಬರೆದುಕೊಂಡು ತೃಪ್ತರಾಗಬಾರದು. ಭಾಷೆ ಯಾವುದು, ಮೊದಲ ಪದ್ಯ ಯಾವುದು, ಕೊನೆಯ ಪದ್ಯ ಯಾವುದು, ಪ್ರಶಸ್ತಿಯಲ್ಲಿ ಯಾವ ಗುರು, ಯಾವ ಊರು, ಯಾವ ಶಕವರ್ಷ ಇದೆ ಎಂಬುದನ್ನು ಬಲ್ಲವರಿಂದ ಓದಿಸಿ ಗುರುತಿಡಬೇಕು. ಗ್ರಂಥಕಾರರು ಹೆಸರಿನಲ್ಲಿ ಹೇಳದೆ ಬಿಟ್ಟುದನ್ನು ಪ್ರಶಸ್ತಿಯಲ್ಲಿ ಹೇಳಿ ಹೋಗಿದ್ದಾರೆ. ನರೇಗಲ್ಲಿನ ದಾನಶಾಲೆಗೆ ಕೆರೆಯನ್ನು ಬಿಟ್ಟವರು ಬರುವವರ ಹಸಿವನ್ನು ನೆನೆದಿದ್ದರು. ಮುಂದೆ ಓದ ಬರುವವರನ್ನು ನೆನೆದು ಮಾಡುವ ಇಷ್ಟು ಕೆಲಸವೂ ಶಾಸ್ತ್ರದಾನವೇ ಆಗಿದೆ.