ಟೋಪಿ ಬ್ಯಾಡ್ಜುಗಳ ಕಾಲನಿರ್ಣಯ (ಬ್ರಿಟಿಷ್ ಸೇನೆ)

ಬ್ರಿಟಿಷ್ ಸೇನೆಯ ರೆಜಿಮೆಂಟುಗಳ ಲೋಹದ ಟೋಪಿ ಬ್ಯಾಡ್ಜುಗಳು ಯಾವ ಅವಧಿಗೆ ಸೇರಿದವು ಎಂಬುದನ್ನು ಹಳೆಯ ಛಾಯಾಚಿತ್ರಗಳಿಂದ ಗೊತ್ತುಮಾಡುವ ವಿಧಾನ. ಬ್ಯಾಡ್ಜಿನ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಒಂದೇ ವಿನ್ಯಾಸ ದಶಕಗಟ್ಟಲೆ ನಡೆದುಬಂದದ್ದುಂಟು. ಸಂಗ್ರಾಹಕರಿಗೆಂದು ಈಚೆಗೆ ಮಾಡಿದ ನಕಲುಗಳಿಗೂ ಕೊರತೆಯಿಲ್ಲ. ಹಾಗಾಗಿ ಸೈನಿಕ ಅದನ್ನು ಧರಿಸಿ ನಿಂತ ಚಿತ್ರಕ್ಕೆ ಸಾಕ್ಷ್ಯವಾಗಿ ಹೆಚ್ಚಿನ ಬೆಲೆ.

ಮೊದಲು ನೋಡಬೇಕಾದದ್ದು ಬ್ಯಾಡ್ಜನ್ನಲ್ಲ, ಟೋಪಿಯನ್ನು. 1870ರ ದಶಕದಿಂದ ಇಂಗ್ಲಿಷ್ ಪದಾತಿಗಳೂ ಸ್ಕಾಟಿಷ್ ಶೈಲಿಯ ಗ್ಲೆಂಗ್ಯಾರಿ ಟೋಪಿ ಹಾಕುತ್ತಿದ್ದರು. ಅದರ ಬ್ಯಾಡ್ಜಿನಲ್ಲಿ ರೆಜಿಮೆಂಟಿನ ಸಂಖ್ಯೆ ಕಂಡರೆ, ಆ ವಿನ್ಯಾಸ 1881ರ ಚಿಲ್ಡರ್ಸ್ ಸುಧಾರಣೆಗಿಂತ ಹಿಂದಿನದು. ಆ ವರ್ಷ ಸಂಖ್ಯೆಗಳು ಹೋಗಿ ಕೌಂಟಿಗಳ ಹೆಸರು ಬಂದವು. ಮುಂಚಾಚು ಇಲ್ಲದ ಬ್ರಾಡ್ರಿಕ್ ಟೋಪಿ 1902ರಲ್ಲಿ ಬಂತು. ಸೈನಿಕರಿಗೆ ಅದು ಹಿಡಿಸಲಿಲ್ಲ; 1905ರಲ್ಲಿ ಮುಂಚಾಚಿನ ಟೋಪಿ ಅದರ ಜಾಗಕ್ಕೆ ಬಂತು. ಅಲ್ಪಾಯುಷಿಯಾದ್ದರಿಂದಲೇ ಪದಾತಿ ಸೈನಿಕನ ತಲೆಯ ಮೇಲೆ ಬ್ರಾಡ್ರಿಕ್ ಕಂಡರೆ ಕಾಲ ಹೇಳುವುದು ಸುಲಭ.

ಎರಡನೆಯ ಸುಳಿವು ಕಿರೀಟ. 1901ರಲ್ಲಿ ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಗುಮ್ಮಟದಂತೆ ಉಬ್ಬಿದ ಟ್ಯೂಡರ್ ಕಿರೀಟ ರೂಢಿಗೆ ಬಂತು. ಎರಡನೆಯ ಎಲಿಜಬೆತ್ ಕಾಲದಲ್ಲಿ ಕಮಾನು ನಡುವೆ ತಗ್ಗಿದ ಸೇಂಟ್ ಎಡ್ವರ್ಡ್ ಕಿರೀಟ ಬಂತು. ಮಸುಕು ಚಿತ್ರದಲ್ಲಿ ಇದನ್ನು ವಿಕ್ಟೋರಿಯಾ ಕಾಲದ ಕಿರೀಟವೆಂದು ತಪ್ಪು ತಿಳಿಯಬಹುದು, ಆದರೆ ಉಡುಪು ನೋಡಿದರೆ ಗೊಂದಲ ತೀರುತ್ತದೆ. ಬಫ್ಸ್ ರೆಜಿಮೆಂಟಿನ ಡ್ರ್ಯಾಗನ್‌ನಂಥ ಕಿರೀಟವಿಲ್ಲದ ಬ್ಯಾಡ್ಜುಗಳಲ್ಲಿ ಈ ಸೂತ್ರ ನಡೆಯದು.

ವಿನ್ಯಾಸವೇ ಬದಲಾದ ಕಡೆ ತೀರ್ಮಾನ ಖಚಿತವಾಗುತ್ತದೆ. ಮ್ಯಾಂಚೆಸ್ಟರ್ ರೆಜಿಮೆಂಟ್ 1923ರಲ್ಲಿ ನಗರ ಲಾಂಛನ ಬಿಟ್ಟು ಫ್ಲರ್-ದ-ಲಿ ಹೂವನ್ನು ತೆಗೆದುಕೊಂಡಿತು. ಮೆಷಿನ್ ಗನ್ ಕೋರ್ ಇದ್ದದ್ದೇ 1915ರಿಂದ 1922ರವರೆಗೆ. ಮೊದಲ ಮಹಾಯುದ್ಧದಲ್ಲಿ, 1916ರ ಹೊತ್ತಿಗೆ, ಹಿತ್ತಾಳೆ ಮತ್ತು ಬಿಳಿ ಲೋಹ ಸೇರಿದ್ದ ಕೆಲವು ಬ್ಯಾಡ್ಜುಗಳನ್ನು ಉಳಿತಾಯಕ್ಕಾಗಿ ಬರೀ ಹಿತ್ತಾಳೆಯಲ್ಲಿ ಅಚ್ಚು ಹಾಕಲಾಯಿತು. ಇದನ್ನು ಚಿತ್ರದಲ್ಲಿ ಗುರುತಿಸುವಾಗ ಎಚ್ಚರ ಬೇಕು: ಆ ಕಾಲದ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ಕೆಂಪು ತಾಗುತ್ತಿರಲಿಲ್ಲ, ಹಿತ್ತಾಳೆ ಕಪ್ಪಾಗಿ ಬೀಳಬಹುದು, ನೆರಳು, ಹೊಳಪಿನಿಂದಲೂ ಛಾಯೆ ಬದಲಾಗುತ್ತದೆ.

ಚಿತ್ರದಲ್ಲಿರುವ ಅತಿ ಹೊಸ ವಸ್ತುವಿಗಿಂತ ಚಿತ್ರ ಹಳೆಯದಾಗಿರಲಾರದು. ಎಡ ಮುಂತೋಳಿನ ಗಾಯದ ಪಟ್ಟಿ 1916ಕ್ಕಿಂತ, ಬಲ ಮುಂತೋಳಿನ ಸಾಗರೋತ್ತರ ಸೇವಾಪಟ್ಟಿ 1918ಕ್ಕಿಂತ ಹಿಂದಿನ ಚಿತ್ರದಲ್ಲಿ ಬರುವಂತಿಲ್ಲ. ಇದು ಕೆಳಗಿನ ಮಿತಿ ಮಾತ್ರ; ಹಳೆಯ ಬ್ಯಾಡ್ಜು ದಾಸ್ತಾನು ಮುಗಿಯುವವರೆಗೂ ಬಳಕೆಯಲ್ಲಿರುತ್ತಿತ್ತು. ಬೆಂಗಳೂರು ದಂಡಿನಂಥ ಭಾರತದ ನೆಲೆಗಳಲ್ಲಿ ತೆಗೆದ ಚಿತ್ರಗಳಲ್ಲಿ ತೊಡಕು ಬೇರೆ: ಬಿಸಿಲಿನ ಹೆಲ್ಮೆಟ್ಟಿನ ಮೇಲೆ ಎಷ್ಟೋ ಸಲ ಬ್ಯಾಡ್ಜೇ ಇರದೆ ಬಟ್ಟೆಯ ತುಂಡಷ್ಟೇ ಇರುತ್ತದೆ. ಅಲ್ಲಿ ಭುಜದ ಮೇಲಿನ ಹಿತ್ತಾಳೆ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಬೇಕು.