ಸೈಸ್ಮಿಕ್ ದತ್ತಾಂಶ ಮತ್ತು ಯಂತ್ರಕಲಿಕೆ: ತೈಲನಿಕ್ಷೇಪದ ಗುಣಗಳನ್ನು ಅಂದಾಜಿಸುವ ವಿಧಾನದ ಚರಿತ್ರೆ

ನೆಲದಾಳಕ್ಕೆ ಕಳಿಸಿದ ಕಂಪನದ (ಸೈಸ್ಮಿಕ್) ಅಲೆಗಳು ಶಿಲಾಪದರಗಳಿಗೆ ತಾಗಿ ಮರಳುತ್ತವೆ. ಅವುಗಳ ದಾಖಲೆಯಿಂದ ತೈಲ ಹಿಡಿದಿಟ್ಟ ಕಲ್ಲಿನ ಸರಂಧ್ರತೆ, ಸಾಂದ್ರತೆ, ಅದರಲ್ಲಿರುವ ದ್ರವದ ಬಗೆ ಮುಂತಾದವನ್ನು ಕಂಪ್ಯೂಟರಿನಿಂದ ಅಂದಾಜಿಸುವ ವಿಧಾನವಿದು.

ಪ್ರತಿಫಲಿತ ಅಲೆಗಳ ತಂತ್ರವನ್ನು ಜೆ. ಸಿ. ಕಾರ್ಚರ್ ಮತ್ತು ಸಂಗಡಿಗರು 1921ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಪರೀಕ್ಷಿಸಿದರು. ಮುಂದಿನ ಕೆಲವು ದಶಕ ಅದರಿಂದ ತಿಳಿಯುತ್ತಿದ್ದದ್ದು ಮುಖ್ಯವಾಗಿ ಪದರಗಳ ಆಕಾರ: ಎಲ್ಲಿ ಉಬ್ಬಿವೆ, ಎಲ್ಲಿ ಮುರಿದಿವೆ. ಕಲ್ಲಿನೊಳಗೆ ಏನಿದೆ ಎಂಬುದಕ್ಕೆ ಬಾವಿ ಕೊರೆದೇ ನೋಡಬೇಕಿತ್ತು. 1970ರ ಆಸುಪಾಸಿನಲ್ಲಿ, ಅನಿಲ ತುಂಬಿದ ಮರಳುಗಲ್ಲು ದಾಖಲೆಯಲ್ಲಿ ಪ್ರಖರವಾಗಿ ಎದ್ದು ಕಾಣಬಲ್ಲದು ಎಂಬುದು ತೈಲಶೋಧಕರಿಗೆ ಮನದಟ್ಟಾಯಿತು. ಅಲೆಯ ಪ್ರಬಲತೆಯಲ್ಲೇ ಕಲ್ಲಿನ ಗುಣದ ಸುಳಿವಿದೆ ಎಂದಾದ ಮೇಲೆ, ಅದನ್ನು ಸಂಖ್ಯೆಯಾಗಿಸುವ ಪ್ರಯತ್ನಗಳು ಶುರುವಾದವು.

ಅಡಚಣೆ ಇರುವುದು ಅಳತೆಯಲ್ಲಿ. ಬಾವಿಗೆ ಇಳಿಬಿಟ್ಟ ಉಪಕರಣ ಸುಮಾರು 15 ಸೆಂ.ಮೀ.ಗೊಂದು ಮಾಪನ ಕೊಟ್ಟರೆ, ಸೈಸ್ಮಿಕ್ ಅಲೆಗೆ ಹತ್ತಾರು ಮೀಟರ್ ದಪ್ಪದ ಪದರಗಳಷ್ಟೇ ಬಿಡಿಬಿಡಿಯಾಗಿ ಕಾಣುತ್ತವೆ. ಎರಡರ ನಡುವಿನ ಸಂಬಂಧಕ್ಕೆ ಸರಳ ಸೂತ್ರವಿಲ್ಲ. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಅವರ ಪ್ರಬಂಧದಿಂದ ನರಜಾಲಗಳಿಗೆ, ಅಂದರೆ ಸೂತ್ರವಿಲ್ಲದೆ ಉದಾಹರಣೆಗಳಿಂದಲೇ ಸಂಬಂಧ ಕಲಿಯುವ ಕಂಪ್ಯೂಟರ್ ಮಾದರಿಗಳಿಗೆ, ಕಲಿಸುವ ವಿಧಾನ ಜನಪ್ರಿಯವಾದಾಗ ಭೂಭೌತವಿಜ್ಞಾನಿಗಳು ಅದರತ್ತ ತಿರುಗಿದ್ದು ಇದೇ ಕಾರಣಕ್ಕೆ. 1994ರಲ್ಲಿ ರೋಟ್ ಮತ್ತು ಟರಾಂಟೋಲಾ, ಕೃತಕ ಸೈಸ್ಮಿಕ್ ದಾಖಲೆಗಳಿಂದ ಪದರಗಳಲ್ಲಿ ಅಲೆಯ ವೇಗವನ್ನು ನರಜಾಲವೊಂದು ಕಂಡುಹಿಡಿಯಬಲ್ಲದೆಂದು ತೋರಿಸಿದರು.

ಈ ಚರಿತ್ರೆಯಲ್ಲಿ ಅತಿ ಮುಖ್ಯವೆನ್ನಬೇಕಾದದ್ದು ಹೊಸ ಜಾಲವಲ್ಲ, ಒಂದು ಎಚ್ಚರಿಕೆ. ಬಾವಿಗಳು ದುಬಾರಿ, ಆದ್ದರಿಂದ ಕಲಿಸಲು ಸಿಗುವ ಉದಾಹರಣೆಗಳು ಕಡಿಮೆ. ಸೈಸ್ಮಿಕ್ ದಾಖಲೆಯಿಂದ ಹೊರಡಿಸಬಹುದಾದ ಲಕ್ಷಣಗಳಾದರೋ ನೂರಾರು. ಬರೀ 5 ಬಾವಿಗಳಿದ್ದು, ಸರಂಧ್ರತೆಗೆ ಸಂಬಂಧವೇ ಇಲ್ಲದ, ಪರಸ್ಪರ ಸ್ವತಂತ್ರವಾದ 10 ಲಕ್ಷಣಗಳನ್ನು ಹೋಲಿಸಿದರೂ, ಕನಿಷ್ಠ ಒಂದಾದರೂ 0.6ಕ್ಕಿಂತ ಹೆಚ್ಚಿನ (ಧನ ಅಥವಾ ಋಣ) ಸಹಸಂಬಂಧ ತೋರಿಸುವ ಸಂಭವ ಸುಮಾರು ಶೇಕಡಾ 96. 1997ರಲ್ಲಿ ಸಿಂಥಿಯಾ ಕಾಲ್ಕೊಮಿ ಈ ಅಪಾಯವನ್ನು ಲೆಕ್ಕಸಮೇತ ಮುಂದಿಟ್ಟರು. ಅಂಥ ಹುಸಿ ಸಂಬಂಧವನ್ನು ನಂಬಿ ಕೊರೆದ ಬಾವಿ ಬರಿದಾದರೆ ಆಗುವ ನಷ್ಟ ಅಪಾರ.

2001ರಲ್ಲಿ ಹ್ಯಾಂಪ್ಸನ್, ಶೂಲ್ಕೆ, ಕ್ವಿರೈನ್ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಕಡಿವಾಣವಿತ್ತು. ಒಂದೊಂದೇ ಬಾವಿಯನ್ನು ಬದಿಗಿಟ್ಟು, ಉಳಿದವುಗಳಿಂದ ಕಲಿತು, ಬದಿಗಿಟ್ಟದ್ದನ್ನು ಊಹಿಸಬೇಕು. ಹೆಚ್ಚಿನ ಲಕ್ಷಣಗಳಿಂದ ಆ ಊಹೆ ಹದಗೆಡತೊಡಗಿದರೆ ಅಲ್ಲಿಗೇ ನಿಲ್ಲಿಸಬೇಕು. ಉದ್ಯಮದಲ್ಲಿ ಈ ಕ್ರಮ ಬಹುಬೇಗ ಬೇರೂರಿತು.

ಮುಂದೆ ಬಂದ, ಹಲವು ಹಂತಗಳ ಆಳ ನರಜಾಲಗಳಿಗೆ ಇನ್ನೂ ಹೆಚ್ಚು ಉದಾಹರಣೆಗಳು ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಶಿಲಾಭೌತದ ನಿಯಮಗಳಿಂದ ಸಾವಿರಾರು ಕೃತಕ ಉದಾಹರಣೆಗಳನ್ನು ಹುಟ್ಟಿಸಿ ಜಾಲಕ್ಕೆ ಕಲಿಸಿದರು. ಅದಕ್ಕೂ ಮುನ್ನ, 2018ರಲ್ಲಿ, ನಾರ್ವೆಯ ಈಕ್ವಿನಾರ್ ಕಂಪನಿ 2016ರಲ್ಲಿ ಮುಚ್ಚಿದ್ದ ತನ್ನ ವೋಲ್ವೆ ತೈಲಕ್ಷೇತ್ರದ ದತ್ತಾಂಶವನ್ನು ಸಂಶೋಧನೆ ಮತ್ತು ಕಲಿಕೆಗೆ ತೆರೆದಿಟ್ಟಿತ್ತು. ಕಂಪನಿಗಳು ಗುಟ್ಟಾಗಿಡುತ್ತಿದ್ದ ಬಾವಿ ದಾಖಲೆಗಳು ಇದರಿಂದ ವಿದ್ಯಾರ್ಥಿಗಳ ಕೈಗೂ ಸಿಕ್ಕಿದವು.