ಗರ್ಭಕಂಠದ ಕ್ಯಾನ್ಸರ್: ಮನೆಯಲ್ಲೇ ಮಾದರಿ ಸಂಗ್ರಹ

ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಂಡುಬರುವುದು ಗರ್ಭಕಂಠದ ಕ್ಯಾನ್ಸರ್. 2022ರ ಅಂದಾಜಿನಂತೆ ದೇಶದಲ್ಲಿ ಸುಮಾರು 1.27 ಲಕ್ಷ ಹೊಸ ಪ್ರಕರಣಗಳು ವರದಿಯಾದವು. ಸುಮಾರು 80 ಸಾವಿರ ಮಹಿಳೆಯರು ಮೃತಪಟ್ಟರು. ಮುಂಚಿತವಾಗಿ ಪತ್ತೆಹಚ್ಚಿದರೆ ತಡೆಯಬಹುದಾದ ರೋಗವಿದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ತಪಾಸಣೆಗೆ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ.

ರೋಗಕ್ಕೆ ಕಾರಣ

ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಾಣು ಇದರ ಮೂಲ. 16 ಮತ್ತು 18ನೇ ಬಗೆಗಳೇ ಶೇ 70ರಷ್ಟು ಪ್ರಕರಣಗಳಿಗೆ ಕಾರಣ. ಬಹುತೇಕರಲ್ಲಿ ಸೋಂಕು ತಾನಾಗಿಯೇ ಮಾಯವಾಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ತಪಾಸಣೆಗೆ ದೊರೆಯುವ ಅವಕಾಶ ಈ ದೀರ್ಘ ಅವಧಿಯೇ.

ಗಡಿಯಾಚೆಯ ಪಾಠ

ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.31 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆಯಿಂದ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿ ಮಾದರಿ ತೆಗೆದವರು ಆರೋಗ್ಯ ಸಿಬ್ಬಂದಿ.

ಸ್ವಯಂ ಸಂಗ್ರಹದ ವಿಧಾನ

ಮಹಿಳೆ ತಾನೇ ಮೃದುವಾದ ಸ್ವಾಬ್ ಅನ್ನು ಯೋನಿಯೊಳಗೆ ಸೇರಿಸಿ, ಕೆಲವು ಸುತ್ತು ತಿರುಗಿಸಿ, ಕೊಳವೆಯಲ್ಲಿಟ್ಟು ಮುಚ್ಚುತ್ತಾಳೆ. ಸೂಕ್ತ ಪ್ರಯೋಗಾಲಯ ವಿಧಾನ ಬಳಸಿದರೆ ಫಲಿತಾಂಶ ವೈದ್ಯರು ತೆಗೆದ ಮಾದರಿಗೆ ಬಹುತೇಕ ಸಮ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಇದನ್ನು ಒಪ್ಪಿದೆ. 30 ವರ್ಷದಿಂದ ಆರಂಭಿಸಿ 5ರಿಂದ 10 ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಎಚ್‌ಐವಿ ಸೋಂಕಿತರಿಗೆ 25 ವರ್ಷದಿಂದ, 3ರಿಂದ 5 ವರ್ಷಕ್ಕೊಮ್ಮೆ.

ರಾಯಚೂರು ಜಿಲ್ಲೆಗೆ ಏಕೆ ಮುಖ್ಯ?

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕೂಲಿ ಮಹಿಳೆಗೆ ರಾಯಚೂರು ನಗರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ನಷ್ಟ. ಗುಳೆ ಹೋಗುವ ಕುಟುಂಬಗಳು ಶಿಬಿರದ ದಿನ ಊರಲ್ಲಿರುವುದಿಲ್ಲ. ಒಳಪರೀಕ್ಷೆಯ ಸಂಕೋಚ ಬೇರೆ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಕಿಟ್ ತಲುಪಿಸಿದರೆ ಈ ಮೂರೂ ಅಡ್ಡಿಗಳು ತಗ್ಗುತ್ತವೆ.

ಗಮನಿಸಬೇಕಾದುದು

ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ಪರೀಕ್ಷೆ ಮಾತ್ರ ಕಡ್ಡಾಯ. ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡರೆ ಸಣ್ಣ ಚಿಕಿತ್ಸೆಯಿಂದಲೇ ನಿವಾರಿಸಬಹುದು. ಫಲಿತಾಂಶ ತಿಳಿಸಿ ಆಸ್ಪತ್ರೆಗೆ ಕರೆತರುವ ವ್ಯವಸ್ಥೆಯಿಲ್ಲದೆ ಕಿಟ್ ಹಂಚಿದರೆ ಪ್ರಯೋಜನವಿಲ್ಲ. ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ, ದುರ್ವಾಸನೆಯ ಸ್ರಾವ ಕಂಡವರು ಕಿಟ್‌ಗಾಗಿ ಕಾಯದೆ ನೇರವಾಗಿ ವೈದ್ಯರನ್ನು ಕಾಣಬೇಕು.